ಯಾರ ಮಗುವಾದರೂ ಸರಿ

ಪಾಸಿಂಗ್ ಎಂಬ ಹೆಸರಿನ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ವಿರಾಜಮಾನರಾದದ್ದೇ ರೊಮುಲೊನ ಸಂಕಟಕ್ಕೆಲ್ಲ ಮೂಲ. ಮುಂದಿನ ಸೀಟು ಅತ್ತೆಯದು. ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಸೆಬು ದ್ವೀಪದಲ್ಲಿ ಬರೆದುಕೊಡಬೇಕಾಗಿಯೂ ಇಲ್ಲ. ಅತ್ತೆಯ ಎದುರಿಗೆ, ಡ್ಯಾಶ್‌ಬೋರ್ಡಿನ ಮೇಲೆ, ಕೆಂಪು ಮಖಮಲ್ಲಿನ ನಿಲುವಂಗಿ ತೊಟ್ಟ ಮೊಳದುದ್ದದ ಬಾಲಯೇಸು. ಆ ಮನೆತನದ ಮಕ್ಕಳಿಗೆಲ್ಲ ಜ್ಞಾನಸ್ನಾನ ಆಗಿದ್ದು ಆ ವಿಗ್ರಹದ ಎದುರಿಗೇ. ಇವತ್ತು ಚರ್ಚಿನಲ್ಲಿ ಪುಟ್ಟ ಮಿಕಾಯ್‌ಳ ಸರದಿ.

ನೀರು ಸರಬರಾಜು ಕಚೇರಿಯ ಗುಮಾಸ್ತ ರೊಮುಲೊ ಹಳೆಯ ಕಾರು ಕೊಂಡ ದಿನದಿಂದ ಅಪಘಾತಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ನಿದ್ದೆ ಕೆಡಿಸಿಕೊಂಡಿದ್ದ. ಮಗುವಿಗೆಂದೇ ಪುಟ್ಟ ಸೀಟು ತಂದು ಹಿಂದೆ ಬಿಗಿದಿದ್ದ.

“ಅತ್ತೆ, ಮಗೂನ ಹಿಂದೆ ಅದರ ಸೀಟಲ್ಲಿ ಕೂರಿಸ್ಬೇಕು. ಇಲ್ಲಿ ಏರ್‌ಬ್ಯಾಗ್ ಇದೆ.”

“ಇದ್ರೆ ಇರ್ಲಿ. ನನಗೇನೂ ಕಾಟ ಕೊಟ್ಟಿಲ್ಲ.”

“ಡಿಕ್ಕಿ ಆದ್ರೆ ಢಬ್ ಅಂತ ಉಬ್ಬಿ ಹೊರಗೆ ಬರುತ್ತೆ. ದೊಡ್ಡೋರಿಗೆ ಅದು ದಿಂಬು, ಮಗೂಗೆ ಗುದ್ದು. ವಿಗ್ರಹ ಬೇರೆ ಅದರ ಮೇಲೇ ನಿಂತಿದೆ.”

“ಆರು ಮಕ್ಕಳನ್ನ ತೊಡೆ ಮೇಲೇ ಬೆಳೆಸಿದೀನಿ ಕಣಯ್ಯಾ. ನಿನ್ನ ಹೆಂಡ್ತೀನೂ ಸೇರಿ.”

ಮಾತು ಕೇಳಿ ಪಕ್ಕದ ಮನೆಯ, ಜೀಪ್ನಿ ಎಂಬ ಸವಾರಿ ಜೀಪಿನ ಚಾಲಕ ತಾಸಿಯೊ ಪಂದ್ಯದ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ಮಗುವಿಗೆ ಧರ್ಮತಂದೆಯಾಗುವವನು ಅವನೇ.

“ನನ್ನ ಜೀಪ್ನೀಲಿ ಬ್ಯಾಗೂ ಇಲ್ಲ, ಬಾಗಿಲೂ ಇಲ್ಲ. ಯಾರೇನು ಸತ್ರಾ? ಬೇಕಾದ್ರೆ ಆ ಪುಟ್ಟ ಸೀಟನ್ನೇ ಮುಂದಕ್ಕೆ ತಂದುಬಿಡು ಮಾರಾಯ.”

“ಅದು ಇನ್ನೂ ಅಪಾಯ. ಹಿಂದಕ್ಕೆ ಮುಖ ಮಾಡಿರೋ ಸೀಟು ಅದು. ಬ್ಯಾಗು ಬಂದು ನೇರ ಮಗು ತಲೆ ಹತ್ರಾನೇ ಗುದ್ದುತ್ತೆ.”

ಬಾಯಲ್ಲಿ ಹೇಳಿದರೆ ಇವರಿಗೆ ನಾಟುವುದಿಲ್ಲ ಎನಿಸಿ, ರೊಮುಲೊ ಬ್ರೆಡ್ಡಿನ ಕಾಗದದ ಚೀಲವನ್ನು ಊದಿ ಫಟ್ಟನೆ ಒಡೆದು ತೋರಿಸಿದ. ಮಗು ಕಿಟಾರನೆ ಕಿರುಚಿತು. ಹುಂಜ ಕಂಕುಳಿನಿಂದ ಹಾರಿ ಗೋಡೆಯಾಚೆ ಮಾಯವಾಯಿತು.

“ನಾಳೆ ಪಂದ್ಯ ಇದೆ,” ಎಂದ ತಾಸಿಯೊ ತಣ್ಣಗೆ. “ಹುಂಜ ಸಿಗೋವರೆಗೂ ನಿನ್ನ ಮಗಳಿಗೆ ಧರ್ಮತಂದೆ ಸಿಗಲ್ಲ.”

ಹುಂಜ ಹುಡುಕಲು ಹೊರಟ ಅಳಿಯನನ್ನು ಅತ್ತೆ ತಡೆದರು. “ಅಂದ್ರೆ ಯಾವ ಮಗೂನೂ ಮುಂದೆ ಇರಬಾರ್ದಾ?”

“ಯಾವ ಮಗೂನೂ.”

“ಎಷ್ಟು ದೊಡ್ಡೋರ ಮಗು ಆದ್ರೂ?”

“ದೇವರ ಮಗು ಆದ್ರೂ ಅಷ್ಟೇ ಅತ್ತೆ. ಹಿಂದೆ ಪುಟ್ಟ ಸೀಟಲ್ಲಿ ಬೆಲ್ಟ್ ಹಾಕಿ ಕೂರಿಸ್ಬೇಕು. ಸೀಟಿಲ್ದೆ ಕಾರಿಗೇ ಹತ್ತಿಸ್ಬಾರ್ದು.”

ಅತ್ತೆ ತಲೆದೂಗಿದರು. ಕಡೆಗೂ ಅವರಿಗೆ ಅರ್ಥವಾಯಿತಲ್ಲ ಎಂಬ ಹಿಗ್ಗಿನಲ್ಲಿ ರೊಮುಲೊ ಗೋಡೆ ಹಾರಿದ. ಬಾಳೆಗಿಡಗಳ ನಡುವೆ, ಹಂದಿಗೂಡಿನ ಹಿಂದೆ, ಚರಂಡಿಯಲ್ಲಿ ಹುಂಜ ಅವನನ್ನು ಓಡಾಡಿಸಿತು. ಹಿಡಿದು ತರುವಷ್ಟರಲ್ಲಿ ಕಸೂತಿ ಅಂಗಿಯ ಒಂದು ತೋಳು ಹರಿದಿತ್ತು, ಇನ್ನೊಂದಕ್ಕೆ ಕೆಸರು ಮೆತ್ತಿತ್ತು.

ಹೆಂಡತಿ ಗ್ಲೆಂಡಾ ಸ್ಟೇರಿಂಗ್ ಹಿಡಿದು, ತುಟಿ ಕಚ್ಚಿಕೊಂಡು ಕೂತಿದ್ದಳು. ಡ್ಯಾಶ್‌ಬೋರ್ಡ್ ಖಾಲಿ. ಹಿಂದಿನ ಪುಟ್ಟ ಸೀಟಿನಲ್ಲಿ, ಕಿರೀಟ ಕೊಂಚ ಓರೆಯಾಗಿ, ಬೆಲ್ಟ್ ಬಿಗಿದುಕೊಂಡು ಬಾಲಯೇಸು ಕುಳಿತಿದ್ದ.

“ಅತ್ತೆ, ಇದೇನು?”

“ನೀನೇ ಹೇಳಿದ್ಯಲ್ಲಪ್ಪ. ಇಷ್ಟು ವರ್ಷ ಆ ಮಗೂನ ಮುಂದೆ ನಿಲ್ಲಿಸ್ಕೊಂಡು ಓಡಾಡಿದೀನಿ, ನನಗೆ ಬುದ್ಧಿ ಬೇಡ್ವಾ?”

“ಮತ್ತೆ ಮಿಕಾಯ್?”

ಅತ್ತೆ ಕಿಟಕಿಯಿಂದ ಮಗುವನ್ನು ಅವನ ಕೈಗಿತ್ತರು. “ಇರೋದು ಒಂದೇ ಸೀಟು. ಸೀಟಿಲ್ದೆ ಹತ್ತಿಸ್ಬಾರ್ದು ಅಂದ್ಯಲ್ಲ.”

ಆ ಮಾತಿನಲ್ಲಿ ಎಲ್ಲಾದರೂ ತಪ್ಪಿದೆಯೇ ಎಂದು ರೊಮುಲೊ ಹುಡುಕಿದ. ಸಿಗಲಿಲ್ಲ. ಮಾತು ಅವನದೇ. ಬಾಲಯೇಸುವನ್ನು ಸೀಟಿನಿಂದ ಎಬ್ಬಿಸೋಣವೆಂದರೆ ಸುತ್ತ ನೆರೆಹೊರೆಯವರೆಲ್ಲ ನಿಂತು ನೋಡುತ್ತಿದ್ದರು.

ಅವನು ಛತ್ರಿ ಬಿಚ್ಚಿ ಮಗುವನ್ನು ಎದೆಗವಚಿಕೊಂಡು ಚರ್ಚಿನತ್ತ ನಡೆದ. ಎದೆಯ ಮೇಲೆ ಮಿಕಾಯ್ ಹಾಯಾಗಿ ನಿದ್ದೆಹೋದಳು. ತಾಸಿಯೊ ಜೀಪ್ನಿ ನಿಲ್ಲಿಸಿ, “ಹತ್ತಪ್ಪಾ, ಮುಂದೇನೇ ಜಾಗ ಇದೆ,” ಎಂದು ಕರೆದ. ರೊಮುಲೊ ತಲೆ ಅಲ್ಲಾಡಿಸಿದ.

ಹಿಂದಿನಿಂದ ಅವನದೇ ಕಾರು ಬಂದು ಪಕ್ಕದಲ್ಲಿ ನಿಧಾನಿಸಿತು. ಅತ್ತೆ ಗಾಜು ಇಳಿಸಿದರು.

“ಅಷ್ಟು ಬಿರುಸಾಗಿ ನಡೀಬೇಡ ಕಣೋ, ಸುಸ್ತಾಗುತ್ತೆ. ವಾಪಸ್ ಬರ್ತಾನೂ ನಡೀಬೇಕಲ್ಲ.”