ಭಾವ ಉಸಿರಿಗಾಗಿ ಊಟಿಗೆ ಹೋದದ್ದು

ನಮ್ಮ ಭಾವನ ಜೊತೆ ಬೀದಿ ತುದಿಯ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತಂದರೂ ಸರಿ, ಮನೆಗೆ ಬಂದು ಹೇಳೋದಕ್ಕೆ ಒಂದು ಪ್ರಸಂಗ ಇದ್ದೇ ಇರುತ್ತಿತ್ತು. ಅಂಥವನನ್ನು ಊಟಿಗೆ ಕರೆದುಕೊಂಡು ಹೋದರೆ ಕೇಳಬೇಕೆ?

ಭಾವ ಅಂದರೆ ನನ್ನ ಅಕ್ಕನ ಗಂಡ. ಬಂಗಾರಪೇಟೆ ಪಕ್ಕದ ಹಳ್ಳಿಯವನು. ರಾಗಿ ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಗೆ ಸೇರಿ, ನೆಲದ ಒಳಗೆ ಬಂಡೆಗೆ ತೂತು ಹೊಡೆಯೋ ಮಿಷನ್ ಹಿಡಿದವನು. ನಾನು ಅದೇ ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಆಳುಗಳು ಕೇಜು ಅನ್ನೋ ಕಬ್ಬಿಣದ ಗೂಡಿನಲ್ಲಿ ನಿಲ್ಲುತ್ತಾರೆ, ನಾನು ಮೇಲೆ ಕೂತು ಉಕ್ಕಿನ ಹಗ್ಗ ಬಿಟ್ಟು ಅವರನ್ನು ಕೆಳಗಿಳಿಸಬೇಕು, ಪಾಳಿ ಮುಗಿದ ಮೇಲೆ ಎತ್ತಬೇಕು. "ಬಾಮೈದನ ಕೈಯಾಗೆ ಅಗ್ಗ ಐತೆ, ಅದಕ್ಕೇ ನಾನು ಎಂಡ್ತೀನ ಬೈಯಾಕಿಲ್ಲ" ಅಂತ ಭಾವ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಇದು ಎಂಬತ್ತರ ದಶಕದ ಮಾತು. ಅಷ್ಟು ಹೊತ್ತಿಗೆ ಅವನ ಎದೆಯಲ್ಲಿ ಕಲ್ಲಿನ ಧೂಳು ಕೂತುಬಿಟ್ಟಿತ್ತು. ಐವತ್ತು ತುಂಬುವ ಮೊದಲೇ ಕೆಲಸ ಬಿಟ್ಟು ಮನೆ ಸೇರಿದ. ಮನೆಯಿಂದ ನಲ್ಲಿಗೆ ಹೋಗಿ ಬರುವುದರೊಳಗೆ ದಾರಿಯಲ್ಲಿ ಎಲ್ಲಾದರೂ ಕೂರಬೇಕಾಗುತ್ತಿತ್ತು. ಅವನಿಗೆ ಉಳಿದಿದ್ದ ಆಸೆ ಒಂದೇ. "ಎದೆ ತುಂಬ ಒಂದು ಉಸ್ರು ಎಳ್ಕೊಂಬುಟ್ರೆ ಸಾಕು ಕಣ್ಲಾ. ಆಮ್ಯಾಕೆ ಏನಾದ್ರೂ ಆಗ್ಲಿ."

ಊಟಿಗೆ ಹೋಗೋ ಯೋಚನೆಯೂ ಅವನದೇ. ಅದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದ. "ಗಣಿ ತಳದಾಗೆ ಉಸಿರೇ ಇಲ್ಲ. ನಡೂಮಟ್ಟಕ್ಕೆ ಬಂದ್ರೆ ಒಸಿ ಬತ್ತದೆ. ಭೂಮಿ ಮ್ಯಾಕೆ ಬಂದ್ರೆ ಇನ್ನೂ ಒಸಿ. ಅಂಗಾರೆ ಬೆಟ್ಟದ್ ಮ್ಯಾಕೆ ಓದ್ರೆ ಏಟಿರಬೇಡ, ನೀನೇ ಯೋಳು."

ಬೇರೆ ಊರಿನವರಾಗಿದ್ದರೆ ನಗುತ್ತಿದ್ದರೋ ಏನೋ. ಗಣಿಯವರ ಮನೆಸಾಲು ನಮ್ಮ ಲೈನು, ಅಲ್ಲಿ ಒಬ್ಬರೂ ನಗಲಿಲ್ಲ. ಕೆಳಗಿಂದ ಮೇಲೆ ಬಂದಾಗಲೇ ಗಾಳಿ ಕಂಡ ಜನ ನಾವು. ಇಡೀ ಬೀದಿ ಹೌದು ಹೌದು ಅಂತು. ಸೀಜನ್ನಿನಲ್ಲಿ ಲಾಡ್ಜುಗಳಿಗೆ ಕೈಯಿಟ್ಟರೆ ಸುಡುತ್ತೆ, ದೀಪಾವಳಿ ಕಳೆಯಲಿ ಅಂತ ಕಾದು, ಭಾವ, ಅಕ್ಕ, ನಾನು ಮೂವರೂ ಹೊರಟೆವು.

ಕೋಟು

ಹೊರಡೋ ಹಿಂದಿನ ದಿನ ಅಕ್ಕನಿಗೆ ಜ್ಞಾನೋದಯವಾಯಿತು. ಊಟಿಯಲ್ಲಿ ಚಳಿ ಇರುತ್ತೆ, ನಮ್ಮ ಹತ್ತಿರ ಉಣ್ಣೆ ಬಟ್ಟೆ ಅಂತ ಒಂದು ಚೂರೂ ಇಲ್ಲ. ಇರೋದಾದರೂ ಹೇಗೆ? ಆಳಕ್ಕೆ ಇಳಿದಷ್ಟೂ ಬೇಯಿಸುವ ಗಣಿ ನಮ್ಮದು, ಒಳಗೆ ಲಂಗೋಟಿಯೂ ಹೆಚ್ಚೇ. ಕೊನೆಗೆ ಹಿಂದಿನ ರಸ್ತೆಯ ಆಂಗ್ಲೋ ಇಂಡಿಯನ್ ದೊರೆಸಾನಮ್ಮ ತೀರಿಹೋದ ತನ್ನ ಗಂಡನ ಉದ್ದ ಕೋಟು ಕೊಟ್ಟು ಪುಣ್ಯ ಕಟ್ಟಿಕೊಂಡಳು.

ಒಂದು ಕಾಲದಲ್ಲಿ ಭಾವ ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುತ್ತಿತ್ತು. ಈಗ ಆ ಕೋಟಿನೊಳಗೆ ಅವನನ್ನು ಹುಡುಕಬೇಕು. ಅಕ್ಕ ಗುಂಡಿ ಹಾಕುತ್ತಾ ಹಾಕುತ್ತಾ ಮುಖ ಆ ಕಡೆ ತಿರುಗಿಸಿಕೊಂಡಳು. "ಯಾಕಮ್ಮಿ, ದೊರೆ ಎಂಡ್ತಿ ಆಗಿದ್ದಕ್ಕೆ ನಾಚ್ಕೆ ಆಯ್ತಾ?" ಅಂದ ಭಾವ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಬ್ಬಳು ಭಿಕ್ಷುಕಿ ಅಜ್ಜಿ ಕೋಟು ನೋಡಿ "ದೊರೇ, ದೊರೇ" ಅಂತ ಬೆನ್ನು ಹತ್ತಿದಳು. ದೊರೆಗೆ ಪ್ಲಾಟ್‌ಫಾರಂ ಅರ್ಧ ನಡೆಯೋದರಲ್ಲೇ ಉಸಿರು ಸಿಕ್ಕಿಕೊಂಡು ಕೆಮ್ಮು ಹತ್ತಿತು, ಗೋಡೆ ಹಿಡಿದು ಬಗ್ಗಿ ನಿಂತ. ಅಜ್ಜಿ ಒಂದು ಗಳಿಗೆ ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು, ತಾನು ಹಾಸಿದ್ದ ಗೋಣಿಚೀಲ ಕೊಡವಿ, "ಬಾ ನಾಯನಾ, ಕೂತ್ಕೋ" ಅಂತ ತನ್ನ ಜಾಗ ಬಿಟ್ಟುಕೊಟ್ಟಳು. ರೈಲು ಬರೋವರೆಗೂ ಭಾವ ಅಲ್ಲೇ ಕೂತಿದ್ದ. ರೈಲು ಹತ್ತಿದ ಮೇಲೆ ಹೇಳಿದ: "ಈ ಕೋಟು ಬೋ ಒಳ್ಳೇದು ಕಣ್ಲಾ. ಇನ್ನೊಂದ್ ಗಳಿಗೆ ಕೂತಿದ್ರೆ ಆಯಮ್ಮ ತಟ್ಟೇನೂ ಕೊಟ್ಬುಡ್ತಿದ್ಲು."

ಸದ್ದು

ಜೋಲಾರಪೇಟೆಯಲ್ಲಿ ರೈಲು ಬದಲಾಯಿಸಿ, ಮೇಟುಪಾಳ್ಯದಲ್ಲಿ ಬಸ್ಸು ಹತ್ತಿ ಊಟಿ ಸೇರಿದೆವು. ಲಾಡ್ಜಿನಲ್ಲಿ ನಾವು ಮೂವರು ಬಿಟ್ಟರೆ ನರಪಿಳ್ಳೆ ಇಲ್ಲ. ಮ್ಯಾನೇಜರು ತಲೆಗೆ ಮಫ್ಲರ್ ಸುತ್ತಿಕೊಂಡು, ಈ ಮಂಜಿನಲ್ಲಿ ಇವರು ಯಾಕೆ ಬಂದರಪ್ಪ ಅಂತ ನಮ್ಮನ್ನೇ ನೋಡುತ್ತಿದ್ದ.

ಮಾರನೆ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆವು. ಎದುರು ಬೆಟ್ಟದಲ್ಲಿ ರಸ್ತೆ ಅಗಲ ಮಾಡೋರು ಬಂಡೆಗೆ ಮದ್ದಿಟ್ಟಿದ್ದರು ಅಂತ ಕಾಣುತ್ತೆ, ಢಮ್ ಅಂತ ಒಂದು ಸದ್ದು. ಕಿಟಕಿ ಗಾಜು ಅದುರಿತು. ಮ್ಯಾನೇಜರು ತಲೆ ಎತ್ತಿ ಮತ್ತೆ ಪೇಪರು ಓದಿದ. ನಾವು ಮೂವರೂ ಲೋಟ ಕೆಳಗಿಟ್ಟು ಹೊರಗೆ ಹೋಗಿ ಅಂಗಳದಲ್ಲಿ ನಿಂತುಬಿಟ್ಟಿದ್ದೆವು.

ನಮ್ಮ ಕಡೆ ಅದು ರೂಢಿ. ನೆಲದೊಳಗೆ ಬಂಡೆ ಸಿಡಿದು ಮನೆ ಅಲುಗಿದರೆ, ಹೆಂಗಸರೆಲ್ಲ ಒಲೆ ಮೇಲಿನದನ್ನು ಹಾಗೇ ಬಿಟ್ಟು ಹೊರಗೆ ಬಂದು ಗಣಿ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕೆಳಗಿದ್ದವರು ಮೇಲೆ ಬಂದರು ಅಂತ ಸುದ್ದಿ ಬರೋವರೆಗೆ ನಿಂತೇ ಇರುತ್ತಾರೆ. ಅಕ್ಕ ಇಲ್ಲೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಮಂಜಿನ ಕಡೆ ನೋಡುತ್ತಾ ನಿಂತಳು.

ಮ್ಯಾನೇಜರು ಗಾಬರಿಯಿಂದ ಹೊರಗೆ ಬಂದ. "ಏನಾಯ್ತಮ್ಮ?"

"ಯಾರಾದ್ರೂ ಸಿಕ್ಕಾಕ್ಕೊಂಡ್ರಾ?" ಅಂದಳು ಅಕ್ಕ.

ಭಾವ ಅವಳ ಭುಜ ಮುಟ್ಟಿದ. "ಲೇ, ನಾನು ನಿನ್ ಪಕ್ಕದಾಗೇ ಇವ್ನಿ. ಒಳಕ್ಕೆ ನಡಿ, ಕಾಫಿ ಆರೋಯ್ತದೆ."

"ನೀನ್ ಇದ್ರೆ ಆಯ್ತಾ?" ಅಂತ ಅಕ್ಕ ಸಿಡುಕಿದಳು. "ಮಿಕ್ಕೋರು ಮ್ಯಾಕೆ ಬರಬ್ಯಾಡ್ವಾ?"

ಸೀಜನ್ ಇಲ್ಲ

ಊಟಿಯಲ್ಲಿ ಅವತ್ತು ನಾವು ಕೇಳಿದ್ದು ಒಂದೇ ಮಾತು. ಕೆರೆ ಹತ್ತಿರ ಹೋದರೆ ದೋಣಿಗಳಿಗೆ ಟಾರ್ಪಾಲು ಹೊದಿಸಿ ಮಲಗಿಸಿದ್ದಾರೆ. ಯಾಕಪ್ಪ ಅಂದರೆ ಸೀಜನ್ ಇಲ್ಲ. ಹೂವಿನ ತೋಟಕ್ಕೆ ಹೋದರೆ ಬರೀ ಮಣ್ಣು ಅಗೆದ ಪಾತಿಗಳು. ಹೂವು ಎಲ್ಲಿ ಅಂದರೆ ಸೀಜನ್ ಇಲ್ಲ. ಬಿಸಿ ಬಜ್ಜಿ ಅಂತ ಬೋರ್ಡು ಹಾಕಿದ್ದ ಅಂಗಡಿಗೆ ಬೀಗ. ಇಷ್ಟು ದೂರ ಬಂದು ಬೀಗ ನೋಡಬೇಕಾ ಅಂತ ನಾನು ಸಿಟ್ಟಾದೆ. ಭಾವನಿಗೆ ದೋಣಿಯೂ ಬೇಡ, ಹೂವೂ ಬೇಡ. ಅವನು ಬಂದಿದ್ದೇ ಬೇರೆಯದಕ್ಕೆ.

ಕುದುರೆಯವನೊಬ್ಬ ಮಾತ್ರ ಗಿರಾಕಿ ಕಂಡು ಓಡಿ ಬಂದ. ನಡೆಯೋದು ತಪ್ಪುತ್ತೆ ಅಂತ ಭಾವನನ್ನು ಎತ್ತಿ ಕೂರಿಸಿದೆವು. ಆ ಕುದುರೆಗೂ ವಯಸ್ಸಾಗಿತ್ತು. ಸ್ವಲ್ಪ ಏರು ಹತ್ತಿ ಅದೂ ನಿಂತಿತು. ಕೆಳಗೆ ಅದರ ಹೊಟ್ಟೆ ತಿದಿ ಒತ್ತಿದ ಹಾಗೆ ಆಡುತ್ತಿತ್ತು, ಮೇಲೆ ಭಾವನ ಎದೆ. ಕುದುರೆಯವನು ಹಗ್ಗ ಜಗ್ಗಿದರೆ ಭಾವ ಕೈ ಅಡ್ಡ ತಂದ. "ಬುಡಪ್ಪ, ಎಳೀಬ್ಯಾಡ. ಅದ್ಯಾವ ಗಣೀಲಿತ್ತೋ ಏನೋ."

ಅವನನ್ನು ಇಳಿಸಿ ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಆಗ ನೋಡಿದೆ, ಅವನ ತುಟಿ ನೇರಳೆಹಣ್ಣು ತಿಂದವರ ತುಟಿ ಆಗಿತ್ತು. ಊರಲ್ಲಿ ಎಂದೂ ಅಷ್ಟಾಗಿರಲಿಲ್ಲ. ಮೇಲೆ ಬಂದಿದ್ದೀವಿ, ಗಾಳಿ ಬೀಸುತ್ತಿದೆ, ಇವನಿಗೆ ಮಾತ್ರ ಯಾಕೆ ಸಿಗುತ್ತಿಲ್ಲ? ಅಕ್ಕ ಅವನ ಬೆನ್ನು ಉಜ್ಜುತ್ತಾ, "ಗಾಳಿ ಎಳ್ಕೋ, ಇನ್ನೊಂಚೂರು ಎಳ್ಕೋ" ಅಂತ ಮಗುವಿಗೆ ಹೇಳೋ ಹಾಗೆ ಹೇಳುತ್ತಿದ್ದಳು.

ಭಾವ ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದ. "ಬೈಬ್ಯಾಡ್ರಮ್ಮಿ ಗಾಳೀನ. ಅದಕ್ಕೂ ಸೀಜನ್ ಇಲ್ಲ. ಬಾಗ್ಲಾಕ್ಕೊಂಡು ಊರಿಗೋಗೈತೆ."

ಎತ್ತರ

ಮಾರನೆ ದಿನ ಭಾವನಿಗೆ ಮಂಚದಿಂದ ಏಳೋಕಾಗಲಿಲ್ಲ. ಮ್ಯಾನೇಜರು ಒಳ್ಳೆಯವನು, ಟ್ಯಾಕ್ಸಿ ತರಿಸಿ ತಾನೇ ಜೊತೆಗೆ ಬಂದು ಒಬ್ಬ ವಯಸ್ಸಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ತಮಿಳಿನಲ್ಲಿ ಮಾತಾಡಿದರು. ನಮ್ಮ ಕಡೆಯವರಿಗೆ ತಮಿಳೇನು ಕಷ್ಟ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗಣಿಯಲ್ಲಿ ತಮಿಳು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಬೆನ್ನಿಗೆ ಇಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಇಂಥಾ ಎದೆ ಇರೋರನ್ನ ಇಲ್ಲಿಗೆ ಯಾರಾದ್ರೂ ಕರ್ಕೊಂಡು ಬರ್ತಾರೇನ್ರೀ? ಮೇಲಕ್ಕೆ ಬಂದಷ್ಟೂ ಗಾಳಿ ತೆಳು. ಇವತ್ತೇ ಕೆಳಗಿಳಿಸಿ" ಅಂದರು.

ಮೇಲೆ ಬಂದಷ್ಟೂ ಗಾಳಿ ಕಮ್ಮಿಯಂತೆ. ಹುಟ್ಟಿದಾಗಿನಿಂದ ಇಂಥ ಮಾತು ಕೇಳಿರಲಿಲ್ಲ. ಇನ್ನು ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ, ಆದರೆ ಭಾವನ ತುಟಿ ಡಾಕ್ಟರ ಮಾತಿಗೇ ಸಾಕ್ಷಿ ಹೇಳುತ್ತಿತ್ತು. ಲೈನಿನವರೆಲ್ಲ ಸೇರಿ ಹೌದು ಹೌದು ಅಂದ ಲೆಕ್ಕ ಅಲ್ಲೇ ಆ ರೂಮಿನಲ್ಲೇ ಮುಗಿದುಹೋಯಿತು.

ಡಾಕ್ಟರಿಗೂ ಪಾಪ ಅನ್ನಿಸಿರಬೇಕು. ದನಿ ಇಳಿಸಿ ಭಾವನನ್ನೇ ಕೇಳಿದರು. "ನಿಮ್ಮೂರು ಎಷ್ಟು ಎತ್ತರದಲ್ಲಿದೆ, ಗೊತ್ತಾ?"

ಭಾವ ಕೋಟಿನ ಕಾಲರಿನಿಂದ ತಲೆ ಹೊರಗೆ ಹಾಕಿದ. "ಎತ್ತರ ಗೊತ್ತಿಲ್ಲ ಸಾಮಿ. ಆಳ ಬೇಕಾದ್ರೆ ಕೇಳಿ, ಯೋಳ್ತೀನಿ."

ಇಳಿಯೋದು

ಮುಂದೆ ಬಂದ ಸಂಕ್ರಾಂತಿಯನ್ನು ಭಾವ ನೋಡಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕೊನೆಯ ಪ್ರಸಂಗ ನೆನೆದಾಗ ನನಗೆ ನಗು ಬಂದರೆ, ಕಲ್ಲು ಮನಸ್ಸಿನವನು ಅಂತ ನೀವು ಅಂದುಕೊಳ್ಳಬಾರದು. ಅವನಿಲ್ಲದ ದುಃಖ ಇವತ್ತಿಗೂ ಹೋಗಿಲ್ಲ.

ಮಧ್ಯಾಹ್ನದ ಬಸ್ಸಿಗೆ ಇಳಿಯೋಕೆ ಶುರು ಮಾಡಿದೆವು. ಭಾವ ಕಿಟಕಿ ಪಕ್ಕ, ಅಕ್ಕ ಅವನ ಪಕ್ಕ, ನಾನು ಹಿಂದಿನ ಸೀಟಿನಲ್ಲಿ. ಡ್ರೈವರು ತಿರುವು ತಿರುವಿನಲ್ಲೂ ಬ್ರೇಕು ಒದೆಯುತ್ತಿದ್ದ. ಆಳುಗಳನ್ನು ಎಳನೀರಿನ ಗೊನೆಯ ಹಾಗೆ ಜೋಪಾನವಾಗಿ ಇಳಿಸಿ ಅಭ್ಯಾಸವಾದ ನನಗೆ ತಡೆಯಲಿಲ್ಲ, "ಮೆಲ್ಲಗೆ ಇಳಿಸಪ್ಪ, ಉಸಿರಿಲ್ಲದೋರು ಇದ್ದಾರೆ" ಅಂತ ಕೂಗಿದೆ. ಕಣ್ಣು ಮಾತ್ರ ಭಾವನ ತುಟಿ ಮೇಲೇ ಇತ್ತು.

ಕೂನೂರು ದಾಟಿದ ಮೇಲೆ ತುಟಿಯ ಕಪ್ಪು ಸ್ವಲ್ಪ ತಿಳಿಯಾಯಿತು. ಇನ್ನೂ ಕೆಳಗೆ ಬಂದಾಗ ಬಿಸಿಲು ಸಿಕ್ಕಿತು, ಅಕ್ಕ ಕೋಟಿನ ಗುಂಡಿ ಬಿಚ್ಚಿದಳು. ಮೇಟುಪಾಳ್ಯದಲ್ಲಿ ಇಳಿದಾಗ ಭಾವ ಯಾರ ಕೈಯೂ ಹಿಡಿಯದೆ ಹೋಟೆಲಿನವರೆಗೆ ನಡೆದು ಹೋಗಿ ಬೆಂಚಿನ ಮೇಲೆ ಕೂತು, ತನ್ನ ಎದೆಗೆ ಹಿಡಿಸುವಷ್ಟು ಒಂದು ಉಸಿರು ಎಳೆದುಕೊಂಡ. ನಮ್ಮನಿಮ್ಮ ಉಸಿರಿನ ಕಾಲು ಭಾಗ ಇದ್ದೀತು. ಅವನ ಮುಖದಲ್ಲಿ ಮದುವೆ ಮನೆ ಕಳೆ ಬಂತು. ಇಡ್ಲಿ ಬೇಕು ಅಂತ ಬಾಯಿ ಬಿಟ್ಟು ಕೇಳಿದ. ಅಷ್ಟು ದಿನ ಕಣ್ಣೀರು ಹಾಕದ ಅಕ್ಕ, ಇಡ್ಲಿ ಮುರಿದು ಸಾಂಬಾರಿಗೆ ಅದ್ದುತ್ತಾ ಅಳೋಕೆ ಶುರು ಮಾಡಿದಳು.

ನಾನು ಯೋಚಿಸುತ್ತಿದ್ದದ್ದು ಬೇರೆ. ಊರಲ್ಲಿ ಇವನಿಗೆ ಉಸಿರು ಸಾಲದು ಅಂತ ಮೇಲಕ್ಕೆ ಬಂದೆವು, ಮೇಲೆ ಇಲ್ಲವೇ ಇಲ್ಲ ಅಂತಾಯಿತು, ಇಲ್ಲಿ ಕೆಳಗೆ ಸಿಕ್ಕಿದ್ದೂ ಕಾಲು ಉಸಿರು. ಇನ್ನು ಇವನನ್ನು ಕರೆದುಕೊಂಡು ಹೋಗೋಕೆ ಈ ಭೂಮಿ ಮೇಲೆ ಜಾಗವೇ ಉಳಿದಿಲ್ಲ. ಅದು ಅಕ್ಕನಿಗೂ ಗೊತ್ತಾಗಿತ್ತು, ಭಾವನಿಗೂ ಗೊತ್ತಾಗಿತ್ತು.

ಭಾವ ನಮ್ಮಿಬ್ಬರ ಮುಖವನ್ನೂ ನೋಡಿದ. ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಪಂಚಾಯ್ತಿಯಲ್ಲಿ ತೀರ್ಮಾನ ಹೇಳೋ ಹಿರಿಯನ ಹಾಗೆ ಶುರು ಮಾಡಿದ.

"ಈಗ ಎಲ್ಲಾ ಅರ್ತಾಯ್ತು ಕಣ್ಲಾ. ಊಟಿಯಾಗೆ ಉಸ್ರಿಲ್ಲ. ಕೂನೂರಿಗೆ ಇಳಿದ್ರೆ ಒಸಿ ಬಂತು. ಇಲ್ಲಿಗಿಳಿದ್ರೆ ಇನ್ನೂ ಒಸಿ. ನಾವು ಲೆಕ್ಕಾನ ತಲೆಕೆಳಗಾಗಿ ಇಡ್ಕೊಂಡಿದ್ವಿ. ಊರಿಗೋದೇಟ್ಗೆ ನನ್ನ ಕೇಜಿನಾಗೆ ನಿಲ್ಸಿ ಗಣಿ ತಳಕ್ಕೆ ಇಳಿಸ್ಬುಡು. ಅಲ್ಲೇ ಚೆನ್ನಾಗಿರೋ ಉಸ್ರು ಇರಾದು."

ಅಕ್ಕ ಅಳುತ್ತಿದ್ದವಳು ಅಳುವಿನ ನಡುವೆಯೇ ನಕ್ಕುಬಿಟ್ಟಳು. ನಾನೂ ಸುಧಾರಿಸಿಕೊಂಡು ಅಂದೆ, "ಭಾವ, ನಿನ್ನ ಹೆಸರು ತೆಗೆದು ಹಾಕವ್ರೆ. ಇನ್ನು ನಿನ್ನ ಇಳಿಸೋಕೆ ಕಂಪನಿಯೋರು ಒಪ್ಪಾಕಿಲ್ಲ."

"ಕೆಲ್ಸಕ್ಕೆ ಓದ್ರೆ ತಾನೆ ಅವ್ರನ್ನ ಕೇಳ್ಬೇಕು? ನಾನು ಓಗಾದು ಉಸಿರಾಡಾಕೆ" ಅಂದ ಭಾವ. "ಸಂಜೀಕೆ ಮರೀದೆ ಎತ್ತು, ಅಷ್ಟೇ."