ಪಟ್ಟದರಸಿಗೆ ಮರಿ ಒಪ್ಪಿಸಿದ್ದು

ಮೂರು ವಾರದಿಂದ ನನ್ನ ಹೆಂಡತಿಯ ಮಾತಿನಲ್ಲಿ ಜೇನು ಸುರಿಯುತ್ತಿತ್ತು. ನನ್ನ ಪಾಲಿಗೆ ಮಾತ್ರ ಒಂದು ತೊಟ್ಟೂ ಇಲ್ಲ. "ಏಳ್ಬೇಡ ನನ್ನ ಬಂಗಾರ, ಅಲ್ಲೇ ಕೂತಿರು, ಏನ್ ಬೇಕೋ ನಾನೇ ತಂದ್ಕೊಡ್ತೀನಿ" ಎಂಬುದು ಕಿವಿಗೆ ಬಿದ್ದಾಗ, ಮೊದಲ ದಿನ ನಾನು ಪೇಪರ್ ಮಡಿಚಿ, ತುಸು ನಾಚಿಕೊಂಡೇ, "ಒಂದು ಲೋಟ ಟೀ ಸಾಕು ಕಣೇ" ಅಂದೆ.

"ನಿಮಗಲ್ಲ ರೀ! ಕೋಳಿಗೆ!" ಎಂದು ಉತ್ತರ ಬಂತು. ಅದು ನನಗೆ ಪರಿಚಯವಿದ್ದ ಹಳೆಯ ದನಿ.

ಕೋಳಿ ಎಂದರೆ ನಮ್ಮನೆಯ ಪಟ್ಟದರಸಿ. (ಬಿರುದು ಕೊಟ್ಟದ್ದು ನಾನೇ, ಹೊಟ್ಟೆಕಿಚ್ಚಿನಿಂದ.) ಕಾವಿಗೆ ಕೂರಲು ಇಡೀ ಮನೆಯಲ್ಲಿ ಆಕೆಗೆ ಹಿಡಿಸಿದ ಜಾಗ ನನ್ನ ಡಾರ್ಕ್‌ರೂಮು. ನಾನು ಫಿಲಂ ಕಾಲದ ಫೋಟೋಗ್ರಾಫರ್. ಆ ಕಾಲ ಮುಗಿದರೂ ಕೋಣೆ, ಕೆಂಪು ಬಲ್ಬು, ಫೋಟೋ ತೊಳೆಯುವ ಟ್ರೇಗಳು ಎಲ್ಲ ಹಾಗೇ ಇವೆ. ಅವುಗಳಲ್ಲಿ ದೊಡ್ಡ ಟ್ರೇಗೆ ಹುಲ್ಲು ಹಾಸಿಸಿಕೊಂಡು, ನಾಲ್ಕು ಮೊಟ್ಟೆಗಳ ಮೇಲೆ ಪಟ್ಟದರಸಿ ವಿರಾಜಮಾನಳಾದಳು. ನಮ್ಮಲ್ಲಿ ಹುಂಜವಿಲ್ಲ. ಆ ಮೊಟ್ಟೆಗಳಿಂದ ಪ್ರಳಯವಾದರೂ ಮರಿ ಬರುವುದಿಲ್ಲವೆಂದು ನನಗೂ ಗೊತ್ತು, ಹೆಂಡತಿಗೂ ಗೊತ್ತು. ಪಟ್ಟದರಸಿಗೆ ಹೇಳುವವರು ಯಾರು? ಕೋಳಿ ಮೇವು ಬಿಟ್ಟು ಸೊರಗಿತು. ಅದನ್ನು ನೋಡಿ ನನ್ನ ಹೆಂಡತಿಯೂ ಅರ್ಧ ಊಟಕ್ಕೇ ಕೈ ತೊಳೆಯತೊಡಗಿದಳು.

"ಎಲ್ಲಿಂದಾದ್ರೂ ಮರಿ ತಂದ್ಕೊಡ್ರೀ. ಇಲ್ಲಾಂದ್ರೆ ಅದು ಕೂತಲ್ಲೇ ಪ್ರಾಣ ಬಿಡುತ್ತೆ" ಎಂದು ಒಂದು ದಿನ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ತಲೆಯಲ್ಲಿ ಫ್ಲಾಶ್ ಹೊತ್ತಿಕೊಂಡಿತು. ಮರಿ ಬಂದರೆ ಕೋಳಿ ಏಳುತ್ತದೆ. ಕೋಳಿ ಎದ್ದರೆ ಆ ಜೇನಿನ ಮಾತಿಗೆ ಗಿರಾಕಿ ಇಲ್ಲದಂತಾಗುತ್ತದೆ. ಆಮೇಲೆ ಅದು ನನ್ನ ಕಡೆ ಬಾರದೆ ಇನ್ನೆಲ್ಲಿಗೆ ಹೋದೀತು?

ಮರಿ ಮಾರುವವನು ಬೆಳಗ್ಗೆ ತಾನೇ ಮೊಟ್ಟೆಯೊಡೆದು ಬಂದ ನಾಲ್ಕು ಮರಿಗಳನ್ನು ಡಬ್ಬಿಗೆ ಹಾಕಿಕೊಟ್ಟು ಉಪದೇಶ ಮಾಡಿದ: "ಕತ್ತಲಲ್ಲೇ ಕೊಡ್ಬೇಕು ಸಾರ್. ಒಂದು ಮರೀನ ಹೊಟ್ಟೆ ಕೆಳಗೆ ತಳ್ಳಿ, ಒಂದು ಮೊಟ್ಟೆ ಎತ್ಕೊಳ್ಳಿ. ತಾನೇ ಮರಿ ಮಾಡ್ದೆ ಅಂತ ನಂಬ್ಕೊಳ್ಳುತ್ತೆ. ಬೆಳಕಲ್ಲಿ ಕೊಟ್ರೋ, ಕುಕ್ಕಿ ಸಾಯ್ಸಿಬಿಡುತ್ತೆ."

ಬಸ್ಸಿನಲ್ಲಿ ಮರಿಗಳು ಕಿರುಚಾಟ ಶುರುಮಾಡಿದವು. ಡಬ್ಬಿಗೆ ಬಾಯಿಟ್ಟು "ಕೊಕ್ ಕೊಕ್" ಅಂದೆ, ಸುಮ್ಮನಾದವು. ನಿಲ್ಲಿಸಿದೆ, ಮತ್ತೆ ಕಿರುಚಿದವು. ಹೀಗೆ ದಾರಿಯುದ್ದಕ್ಕೂ ಕೊಕ್ಕೆನ್ನುತ್ತಲೇ ಬಂದೆ. ಪಕ್ಕದಲ್ಲಿದ್ದವರು ಸೀಟು ಬದಲಾಯಿಸಿದರು.

ಮನೆಗೆ ಬಂದು ಆ ಉಪದೇಶ ಒಪ್ಪಿಸಿದಾಗ, "ಸರಿ, ರಾತ್ರಿ ಆಗ್ಲಿ" ಅಂದಳು ಹೆಂಡತಿ.

"ರಾತ್ರಿ ತನಕ ಯಾಕೆ? ಹಗಲಲ್ಲೇ ರಾತ್ರಿ ಮಾಡಿ ಸಂಸಾರ ಸಾಕಿದವನು ಕಣೇ ನಾನು!"

"ಆ ಮೊಟ್ಟೆ ಮಾತ್ರ ಜೋಪಾನ ರೀ. ಮೂರು ವಾರ ಕಾವಲ್ಲಿ ಕೊಳೆತಿರೋದು. ಒಂದು ಒಡೆದ್ರೂ ನಾವು ಮನೆ ಖಾಲಿ ಮಾಡ್ಬೇಕು."

ಹಳೆಯ ಕೋಟು ತೊಟ್ಟು ಒಳಹೊಕ್ಕು, ಬಾಗಿಲು ಮುಚ್ಚಿ, ಕೆಂಪು ಬಲ್ಬು ಹಾಕಿದೆ. ಮೊದಲ ಮರಿಯನ್ನು ತಳ್ಳಿ ಒಂದು ಮೊಟ್ಟೆ ಎತ್ತಿ ಜೇಬಿಗಿಳಿಸಿದೆ. ಎರಡನೆಯದನ್ನು ತಳ್ಳುವಾಗ ಮೊದಲನೆಯದು ಆ ಕಡೆಯಿಂದ ಹೊರಬಂತು. ಅದನ್ನು ಹಿಡಿದು ತಳ್ಳಿದರೆ ಇನ್ನೊಂದು ಈ ಕಡೆಯಿಂದ ಬಂತು. ಕೆಂಪು ಬೆಳಕಿನಲ್ಲಿ ಮುದುಡಿ ಕೂತ ಮರಿಯೂ ಮೊಟ್ಟೆಯ ಹಾಗೇ ಕಾಣುತ್ತದೆ. ಒಮ್ಮೆ ಮೊಟ್ಟೆಯನ್ನು ಒಳಗಿಟ್ಟು ಮರಿಯನ್ನು ಜೇಬಿಗೆ ಹಾಕಿಕೊಂಡೆ.

"ಎಷ್ಟಾಯ್ತ್ರೀ?" ಬಾಗಿಲಾಚೆಯಿಂದ ಪಿಸುಮಾತು.

"ಎರಡು ಒಳಗೆ, ಒಂದು ಹೊರಗೆ, ಒಂದು ಜೇಬಲ್ಲಿ."

"ಮರಿನೋ ಮೊಟ್ಟೆನೋ?"

"ಅದೇ ತಿಳೀತಿಲ್ಲ ಕಣೇ!"

"ನಿಮ್ಮನ್ನ ಒಳಗೆ ಬಿಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

ಜೇಬು ತಡಕಾಡಿ, "ಪಿಳ್" ಅಂದದ್ದನ್ನು ಹೊರಗೆ ಬಿಟ್ಟು, ಸುಮ್ಮನಿದ್ದದ್ದನ್ನು ಜೇಬಿನಲ್ಲೇ ಉಳಿಸಿ, ಅಂತೂ ನಾಲ್ಕೂ ಮೊಟ್ಟೆ ಜೇಬು ಸೇರಿದವು. ಆದರೆ ಮರಿಗಳು ನಾಲ್ಕೂ ನನ್ನ ತೊಡೆಯೇರಿ ಕೂತವು! ಬಸ್ಸಿನಲ್ಲಿ ಕೇಳಿದ ದನಿ ನನ್ನದೇ ತಾನೇ. ತಾಯಿ ಯಾರೆಂಬುದು ಅವಕ್ಕೆ ಆಗಲೇ ತೀರ್ಮಾನವಾಗಿಹೋಗಿತ್ತು. ಪಟ್ಟದರಸಿ ನನ್ನನ್ನು ಒಂದು ಕಣ್ಣಲ್ಲಿ ನೋಡಿದಳು, ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿದಳು. ಬಡಪಾಯಿಯ ಕೊನೆಯ ಆಸೆಯನ್ನೂ ನಾನೇ ಕಿತ್ತುಕೊಂಡೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಮರಿಗಳು ದನಿ ಹುಡುಕಿಕೊಂಡು ಬರುವುದಾದರೆ ದನಿಯೇ ಕೋಳಿಯ ಕಡೆಯಿಂದ ಬರಲಿ ಎಂದುಕೊಂಡೆ. ಅವನ್ನು ಟ್ರೇಯ ಮುಂದಿಳಿಸಿ, ಟ್ರೇಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೇಗೋ ತೂರಿ ಕೂತು, ಪಟ್ಟದರಸಿಯ ಬೆನ್ನ ಹಿಂದಿನಿಂದ "ಕೊಕ್ ಕೊಕ್" ಅಂದೆ. ಮರಿಗಳು ಓಡಿಬಂದು ಅವಳ ಎದೆಯ ಕೆಳಗೆ ನುಗ್ಗಿದವು. ಅವಳು ತುಸು ಯೋಚಿಸಿ, ರೆಕ್ಕೆ ಅಗಲಿಸಿ, ತಾನೂ "ಕೊಕ್" ಅಂದಳು. ನಾನು "ಕೊಕ್" ಅಂದೆ. ಅವಳು ಇನ್ನೂ ಜೋರಾಗಿ "ಕೊಕ್ ಕೊಕ್" ಅಂದಳು. ಹೀಗೆ ಸರದಿಯ ಮೇಲೆ ಮಾತಾಡುತ್ತ ಮಾತಾಡುತ್ತ, ಆ ಕತ್ತಲಿಗೆ, ಆ ಬಿಸುಪಿಗೆ ನನಗೆ ಜೊಂಪು ಹತ್ತಿತು.

ಎಚ್ಚರವಾದಾಗ ಬಾಗಿಲು ತೆರೆದಿತ್ತು. ಹಿತ್ತಲಿನಲ್ಲಿ ಪಟ್ಟದರಸಿ ಮಣ್ಣು ಕೆದಕುತ್ತಿದ್ದಳು, ನಾಲ್ಕು ಮರಿಗಳು ಅವಳ ಕಾಲಡಿಯಲ್ಲಿ ಉರುಳಾಡುತ್ತಿದ್ದವು. ಗೆದ್ದೆ ಎಂದು ಏಳಹೋದೆ. ತೊಡೆಯ ಕೆಳಗೆ ಏನೋ ಗುಂಡಗೆ ಒತ್ತಿತು. ಕೋಟಿನ ಎರಡೂ ಜೇಬುಗಳು ನನ್ನ ಅಡಿಯಲ್ಲಿದ್ದವು.

"ಲೇ," ಅಂದೆ ಉಸಿರು ಬಿಗಿಹಿಡಿದು, "ಮೊಟ್ಟೆ ಮೇಲೆ ಕೂತಿದ್ದೀನಿ."

ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಜೇನು ಸುರಿಸಿದಳು:

"ಏಳ್ಬೇಡಿ ನನ್ನ ಬಂಗಾರ, ಅಲ್ಲೇ ಕೂತಿರಿ, ಏನ್ ಬೇಕೋ ನಾನೇ ತಂದ್ಕೊಡ್ತೀನಿ."

ಮೂರು ವಾರದಿಂದ ನಾನು ಹಂಬಲಿಸಿದ್ದು ಇದಕ್ಕೇ. ಸಂತೋಷ ತಡೆಯಲಾಗದೆ ಇಷ್ಟೇ ಇಷ್ಟು ಮಿಸುಕಿದೆ.

ಎಡಗಡೆಯ ಜೇಬು "ಪಟ್" ಅಂತು.