ಅಪ್ಪನ ದನಿಯಲ್ಲಿ ಒಂದು ಗ್ರಾಫಿಕ್ಸ್ ಕಾರ್ಡು

ಇನ್ನೊಬ್ಬರ ದನಿ ತೆಗೆಯುವ ಚಟವಿದ್ದವರಿಗೆ ಒಂದು ಕಾಯಿಲೆ ಇರುತ್ತದೆ: ಸ್ವಂತ ದನಿಯಲ್ಲಿ ಏನಾದರೂ ಕೇಳಬೇಕಾದಾಗ ಗಂಟಲು ಒಣಗುತ್ತದೆ. ಉಮರ್ಗಾ ಬಸ್ ನಿಲ್ದಾಣದ ಕಂಡಕ್ಟರನಾಗಿ ನಾನು ಮರಾಠಿಯಲ್ಲಿ ಬೈಯಬಲ್ಲೆ. ನಿಲಂಗಾದ ಸೋದರತ್ತೆಯಾಗಿ ಮೂಗಿನಿಂದ ಅಳಬಲ್ಲೆ. ಊಟಕ್ಕೆ ಬಂದ ಬೀಗರಾಗಿ ‘ಸಾಕ್ರೀ, ಸಾಕು’ ಎನ್ನುತ್ತಲೇ ಮೂರನೆಯ ಹೋಳಿಗೆಗೆ ತಟ್ಟೆಯನ್ನು ಒಂದು ಬೆರಳಿನಷ್ಟು ಮುಂದೆ ಸರಿಸಬಲ್ಲೆ. ಆದರೆ ‘ಅಪ್ಪಾ, ನನಗ ಇದು ಬೇಕು’ ಎಂಬ ನಾಲ್ಕು ಶಬ್ದಗಳು ನನ್ನ ಬಾಯಿಂದ ಹೊರಡುವಷ್ಟರಲ್ಲಿ ಮುದುಕನಾಗುತ್ತೇನೆ. ನಮ್ಮ ಕಾಳಿನ ಅಡತಿ ಅಂಗಡಿಗೆ ಕಂಪ್ಯೂಟರು ಬೇಕೆಂಬ ಅರ್ಜಿಯನ್ನೂ ಅವ್ವನ ಕೈಯಿಂದಲೇ ಕಳಿಸಿದ್ದೆ, ಒಪ್ಪಿಗೆಯೂ ಅವಳ ಕೈಯಿಂದಲೇ ವಾಪಸು ಬಂದಿತ್ತು. ಅಂಗಡಿಗೆ ಎಂಬುದು ಸುಳ್ಳಲ್ಲ. ಹಗಲು ಅಂಗಡಿಗೆ, ಸಂಜೆ ಆಟಕ್ಕೆ.

ಉದಗೀರದ ವೈಜನಾಥಣ್ಣ ಆಟದ ಕಂಪ್ಯೂಟರುಗಳನ್ನು ಪೂರ್ತಿ ಜೋಡಿಸಿ, ಸೀಲು ಹೊಡೆದು, ಟೆಂಪೋದಲ್ಲಿ ಕಳಿಸುವವನು. ಆರ್ಡರು ಕೊಟ್ಟು ನಿಶ್ಚಿಂತನಾಗಿದ್ದೆ. ಮಂಗಳವಾರ ಬೆಳಿಗ್ಗೆ ಅವನ ಫೋನು ಬಂತು.

“ನೋಡ್ ತಮ್ಮಾ, ನಿನ್ನ ಪೆಟ್ಟಿಗ್ಯಾಗ ಎಂಟು ಜೀಬಿ ಗ್ರಾಫಿಕ್ಸ್ ಕಾರ್ಡ್ ಕೂಡ್ತದ. ಹನ್ನೆರಡರದು ಒಂದೇ ಒಂದು ಉಳದದ. ಬೇಕಂದ್ರ ಸಂಜಿ ಐದರೊಳಗ ಹೇಳು. ಸೀಲ್ ಹೊಡದ್ನೆಂದ್ರ ಬ್ರಹ್ಮ ಬಂದ್ರೂ ಬಿಚ್ಚಂಗಿಲ್ಲ.”

“ಹನ್ನೆರಡರದೇ ಹಾಕು ಅಣ್ಣಾ!”

“ನೀ ಅಂದ್ರ ನಡ್ಯಾಂಗಿಲ್ಲೋ. ಆರ್ಡರ್ ಅಪ್ಪಾರ ಹೆಸರಿಲೆ ಅದ. ಅವರ ಫೋನಿನಿಂದ ಅವರದೇ ಒಂದು ಮಾತು ಬರ್ಲಿ.”

ಗ್ರಾಫಿಕ್ಸ್ ಕಾರ್ಡೆಂದರೆ ಕಂಪ್ಯೂಟರಿನೊಳಗೆ ಕೂತು ಚಿತ್ರ ಬಿಡಿಸುವ ಕೆಲಸಗಾರ. ನಾನು ಆಡುವುದಷ್ಟೇ ಅಲ್ಲ, ಆಡುತ್ತ ಆಡುತ್ತ ಊರವರ ದನಿಯಲ್ಲಿ ವಿವರಣೆ ಕೊಟ್ಟು ಅದರ ನೇರ ಪ್ರಸಾರವನ್ನೂ ಮಾಡುತ್ತೇನೆ. ಹಳೆಯ ಯಂತ್ರಕ್ಕೆ ಎರಡೂ ಒಟ್ಟಿಗೆ ಆಗದು. ಕಳೆದ ಪಂದ್ಯದಲ್ಲಿ ಕಂಡಕ್ಟರನಾಗಿ ‘ಪುಢಂ ಸರಕಾ’ ಎಂದು ಶತ್ರುವಿಗೇ ಮುಂದೆ ಸರಿಯಲು ಹೇಳುತ್ತಿದ್ದೆ, ಚಿತ್ರ ಗಕ್ಕನೆ ನಿಂತಿತು. ಮತ್ತೆ ಓಡುವಷ್ಟರಲ್ಲಿ ಅವನು ಸರಿದಿದ್ದ, ನಾನು ಸತ್ತಿದ್ದೆ. ಭಾನುವಾರ ನಮ್ಮ ತಂಡಕ್ಕೆ ದೊಡ್ಡ ಪಂದ್ಯವಿತ್ತು. ಮುರುಮ ಊರಿನ ಇಮ್ರಾನ ತಂಡದ ನಾಯಕ. ಫೋನು ಮಾಡಿದರೆ ಕಿವಿ ಹರಿಯುವಂತೆ ಕೂಗಿದ: “ಆಠ್ ನಕ್ಕೊ ರೇ! ಬಾರಾ ಲೇ, ಹನ್ನೆರಡು! ಎಂಟು ತಂದೆಂದ್ರ ನಿನ್ನ ಜಾಗಾದಾಗ ಗುಂಜೋಟಿ ಊರಿನ ಹುಡುಗನ್ನ ತಗೋತೀನಿ, ಸಿಟ್ಟಾಗಬ್ಯಾಡ.” ಸಿಟ್ಟಾಗಲಿಲ್ಲ. ಬೆವರಿದೆ.

ಅಂತೂ ಜೀವಮಾನದಲ್ಲಿ ಮೊದಲ ಸಲ ನೇರವಾಗಿ ಅಪ್ಪನ ಗಾದಿಯ ಮುಂದೆ ಹೋಗಿ ನಿಂತೆ. ಅವರು ಅಂಗೈಯಲ್ಲಿ ತೊಗರಿಯ ವಾನಗಿ, ಅಂದರೆ ಮಾದರಿಯ ಕಾಳು, ಹಿಡಿದು, ಊದಿ, ಒಂದು ಕಾಳು ಕಡಿದು ನೋಡುತ್ತಿದ್ದರು. ವಾನಗಿ ನೋಡದೆ ಅವರು ಹೆಣ್ಣು ಕೊಡುವವರನ್ನೂ ನಂಬುವುದಿಲ್ಲ.

“ಹನ್ನೆರಡು ಅಂದ್ರ ಏನು, ತೂಕ?”

“ನೆನಪಿನ ಶಕ್ತಿ ಅಪ್ಪಾ. ಚಿತ್ರ ನೆನಪಿಟ್ಕೊಳ್ಳಾಕ.”

“ಎಂಟರದಕ್ಕ ಮರವು ಅದೇನು?”

“ಹಂಗಲ್ಲ, ಆದ್ರ ನನಗ ಅದು…”

“ನೋಡೋಣು.”

ನಮ್ಮ ಮನೆಯಲ್ಲಿ ‘ನೋಡೋಣು’ ಎಂದರೆ ‘ಇಲ್ಲ’ ಎಂಬುದಕ್ಕೆ ಧೋತರ ಉಡಿಸಿದ ರೂಪ. ತಲೆ ತಗ್ಗಿಸಿ ಹೊರಬಿದ್ದು, ಚಹದಂಗಡಿಯ ಮುಂದೆ ಒಂದು ತಾಸು ಕೂತು ಬಂದೆ.

ಮಧ್ಯಾಹ್ನ ಮೂರೂವರೆ. ಅಪ್ಪ ಗಾದಿಯ ಮೇಲೆ ಅಡ್ಡಾಗಿ ಗೊರಕೆ ಹಚ್ಚಿದ್ದರು. ತಲೆದಿಂಬಿನ ಪಕ್ಕ ಅವರ ಬಟನ್ ಫೋನು. ಗೋದಾಮಿಗೆ ಮೂರು ಕೀಲಿ ಹಾಕುವ ಮನುಷ್ಯ ಫೋನಿಗೆ ಒಂದೂ ಹಾಕಿರಲಿಲ್ಲ. ಎರಡು ಬೆರಳಲ್ಲಿ ಎತ್ತಿಕೊಂಡು, ಚೀಲಗಳ ಹಿಂದೆ ಹೋಗಿ ಕುಕ್ಕರಿಸಿದೆ. ಎರಡು ಸಲ ತಪ್ಪು ನಂಬರು ಒತ್ತಿದೆ. ಮೂರನೆಯ ಸಲ ಹತ್ತಿತು.

“ಬೋಲಾ ಮಾಲಕ್!” ಎಂದ ವೈಜನಾಥಣ್ಣ.

ಅಪ್ಪನಂತೆ ಎರಡು ಸಲ ಕೆಮ್ಮಿದೆ. “ವೈಜನಾಥಾ, ಅದೇನೋ ಕಾರ್ಡಿಂದು ಅಂತಿದ್ನಲ್ಲ ನಮ್ಮ ಮಂಗ್ಯಾ.”

“ಹೌದ್ರೀ ಮಾಲಕ್, ಹನ್ನೆರಡರದು…”

ನಾನು ಹೇಳಬೇಕಾಗಿದ್ದದ್ದು ಒಂದೇ ಶಬ್ದ: ‘ಹಾಕು’. ಆದರೆ ಓದುಗರೇ, ಕಲೆ ಎಂಬುದೊಂದಿದೆ. ಕಾಳಿನ ಬಜಾರಿನಲ್ಲಿ ಮೊದಲ ‘ಬ್ಯಾಡ’ ಎಂದರೆ ನಮಸ್ಕಾರ ಅಂದ ಹಾಗೆ. ಎರಡನೆಯ ‘ಬ್ಯಾಡ’ಕ್ಕೆ ಕೂತುಕೊಳ್ಳಲು ಹೇಳುತ್ತಾರೆ, ಮೂರನೆಯದರ ಹೊಟ್ಟೆಯಲ್ಲಿ ಒಪ್ಪಿಗೆ ಇರುತ್ತದೆ. ಮೂವತ್ತು ವರ್ಷ ಹೀಗೇ ವ್ಯಾಪಾರ ಮಾಡಿದ ಮನುಷ್ಯ ಮೊದಲ ಮಾತಿಗೇ ‘ಹಾಕು’ ಎಂದರೆ ಯಾರು ನಂಬುತ್ತಾರೆ? ಸಿಕ್ಕಿಬೀಳುತ್ತೇನೆ.

“ಬ್ಯಾಡ,” ಎಂದೆ.

“ಬ್ಯಾಡ್ರೀ?”

“ಯಾಕ, ಎಂಟರದಕ್ಕ ಹುಳಾ ಹತ್ಯಾವೇನು?” ಆಹಾ, ಅಪ್ಪನೇ ಬಂದು ನಾಲಿಗೆಯ ಮೇಲೆ ಕೂತಂತಿತ್ತು.

“ಹಂಗಲ್ರೀ, ಆದ್ರ ಮುಂಜಾನಿ ನೀವೇ…”

ಅಪ್ಪ ಯಾರ ಮಾತನ್ನೂ ಪೂರ್ತಿಯಾಗಲು ಬಿಡುವವರಲ್ಲ. ನಾನೂ ಬಿಡಲಿಲ್ಲ. “ಮುಂಜಾನಿ ಧಾರಣಿ ಮುಂಜಾನಿಗೇ ಆತು. ಹೊತ್ತು ಏರಿದಂಗ ಧಾರಣಿ ಬದಲಾಗ್ತದ. ಬ್ಯಾಡ.”

ಇನ್ನು ಅವನು ಅಲವತ್ತುಕೊಳ್ಳಬೇಕು, ನಾನು ಮೂರನೆಯ ‘ಬ್ಯಾಡ’ ಎನ್ನಬೇಕು, ಅವನು ‘ಹುಡುಗ ಆಸಿ ಮಾಡ್ಯಾನ್ರೀ’ ಎನ್ನಬೇಕು, ನಾನು ನಿಟ್ಟುಸಿರು ಬಿಟ್ಟು ‘ಹೋಗ್ಲಿ, ಹಾಕು’ ಎನ್ನಬೇಕು. ನಿಟ್ಟುಸಿರು ಗಂಟಲಲ್ಲಿ ತಯಾರಿತ್ತು. ಆದರೆ ವೈಜನಾಥಣ್ಣ ಕಾಳಿನವನಲ್ಲ, ಕಂಪ್ಯೂಟರಿನವನು. ಅವನ ಧಂದೆಯಲ್ಲಿ ಬೇಡ ಎಂದರೆ ಬೇಡ.

“ಬರಂ ಮಾಲಕ್, ಆತು. ನಿಮ್ಮ ಮಾತಿನಂಗ ಆಗ್ಲಿ,” ಎಂದು ಫೋನು ಇಟ್ಟುಬಿಟ್ಟ.

ಮತ್ತೆ ಒತ್ತಿದೆ. ಬೇರೆ ಯಾರೊಡನೆಯೋ ಮಾತಾಡುತ್ತಿದ್ದ. ಮತ್ತೆ ಒತ್ತಿದೆ. ಅಷ್ಟರಲ್ಲಿ ಗಾದಿಯ ಕಡೆ ಗೊರಕೆ ನಿಂತಿತು, ಅಸಲಿ ಕೆಮ್ಮು ಕೇಳಿತು. ಒಂದೇ ಅಂಗಡಿಯಲ್ಲಿ ಎರಡು ಅಪ್ಪಂದಿರು ಇರುವುದು ಕ್ಷೇಮವಲ್ಲ. ಅವರು ಮುಖ ತೊಳೆಯಲು ಎದ್ದ ಗಳಿಗೆಯಲ್ಲಿ ಫೋನನ್ನು ದಿಂಬಿನ ಪಕ್ಕಕ್ಕೆ ಜಾರಿಸಿ, ನನ್ನ ಫೋನಿನಿಂದ, ನನ್ನ ಬಡ ದನಿಯಲ್ಲಿ ವೈಜನಾಥಣ್ಣನಿಗೆ ಅಂಗಲಾಚಿದೆ.

“ಅಣ್ಣಾ, ಅಪ್ಪ ಏನೋ ಸಿಟ್ಟಿನ್ಯಾಗ ಅಂದಿರಬೇಕು…”

“ಭಾಳ ಖಡಕ್ ಅಂದಾರಪ್ಪಾ. ನಾ ಅವರ ಮಾತು ಮೀರಂಗಿಲ್ಲ.”

ಐದು ಹೊಡೆಯಿತು. ಉದಗೀರದಲ್ಲಿ ಸೀಲು ಬಿತ್ತು.

ಮರುದಿನ ಪೆಟ್ಟಿಗೆ ಬಂತು. ಎಂದೂ ಇಲ್ಲದೆ ಅಪ್ಪ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. “ಹನ್ನೆರಡರದು ಹಾಕ್ಯಾನೋ ಇಲ್ಲೋ ನೋಡು.”

ನನ್ನ ಕೈಯಲ್ಲಿದ್ದ ಕತ್ತರಿ ನಿಂತಿತು.

“ನಿನ್ನಿ ಮುಂಜಾನಿ ನೀ ಹೊರಗ ಹೋದ ಕೂಡ್ಲೇ ಹೇಳಿದ್ದೆ ಅವಂಗ. ಹುಡುಗ ಎಂದಿಲ್ಲದ್ದು ಬಾಯಿಬಿಟ್ಟು ಕೇಳ್ಯಾನ, ದೊಡ್ಡದೇ ಹಾಕು ಅಂತ.”

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಎಂಟು ಎಂದಿತ್ತು. ಅಪ್ಪ ಅಲ್ಲಿಯೇ ಫೋನು ಹಚ್ಚಿದರು. ಆ ಫೋನಿನಲ್ಲಿ ವೈಜನಾಥಣ್ಣನ ಮಾತು ಗೋದಾಮಿನ ಇಲಿಗಳಿಗೂ ಕೇಳಿಸುತ್ತದೆ. “ಮಾಲಕ್, ಮಧ್ಯಾಹ್ನ ನೀವೇ ಬ್ಯಾಡಂದ್ರಲ್ರೀ! ಹುಳಾ ಹತ್ಯಾವೇನು ಅಂದ್ರಿ!”

ಅಪ್ಪ ಫೋನನ್ನು ನಿಧಾನವಾಗಿ ಕೆಳಗಿಟ್ಟು, ನನ್ನನ್ನು ತೊಗರಿಯ ವಾನಗಿಯಂತೆ ನೋಡಿದರು. ಬುತ್ತಿ ತಂದ ಅವ್ವ ಬಾಗಿಲಲ್ಲೇ ನಿಂತಳು.

“ನಾ ಏನೇನಂದೆ? ಅಂದು ತೋರ್ಸು.”

ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನನ್ನ ಅತ್ಯುತ್ತಮ ಪ್ರದರ್ಶನ. ಎರಡು ಕೆಮ್ಮಿನಿಂದ ಧಾರಣಿಯವರೆಗೆ ಒಂದಕ್ಷರ ಬಿಡಲಿಲ್ಲ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಪ್ಪ ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿದರು.

“ಬರೋಬರಿ ಅದ. ನಾ ಅನ್ನಬೇಕಾದ್ದು ಇದೇ. ಮುಂಜಾನಿ ಎಡವಿದಾಂವ ನಾನೇ. ಎಂಟೇ ಇರ್ಲಿ.”

ಭಾನುವಾರದ ಪಂದ್ಯವನ್ನು ಗುಂಜೋಟಿಯ ಹುಡುಗ ಆಡಿದ, ನಾನು ನೋಡಿದೆ. ಎಂಟು ಜೀಬಿಯಲ್ಲಿ ನೋಡಲಿಕ್ಕೆ ಏನೂ ತೊಂದರೆಯಿಲ್ಲ. ಆಮೇಲೆ ಎರಡು ಮೂರು ಸಲ ಕಾರ್ಡು ಬದಲಿಸುವ ಮಾತೆತ್ತಿದ್ದೇನೆ, ನನ್ನದೇ ದನಿಯಲ್ಲಿ. ಅಪ್ಪ ತೊಗರಿಯಿಂದ ಕಣ್ಣೆತ್ತದೆ, “ನಾ ಏನಂತೀನಿ, ನೀನೇ ಹೇಳು ನೋಡೋಣು,” ಎನ್ನುತ್ತಾರೆ. ನಾನು ಕೆಮ್ಮುತ್ತೇನೆ, ಗಂಟಲು ಸರಿಮಾಡಿಕೊಳ್ಳುತ್ತೇನೆ, ‘ಬ್ಯಾಡ’ ಎಂದೇ ಬರುತ್ತದೆ. ಅವರ ‘ಹಾಕು’ ಹೇಗಿರುತ್ತದೆಂದು ಕೇಳಿದ್ದರೆ ತಾನೇ ಆ ದನಿ ತೆಗೆಯಲು? ಆ ಮಂಗಳವಾರ ಮುಂಜಾನೆ ಒಮ್ಮೆ ಅಂದಿದ್ದರಂತೆ. ಆಗ ನಾನು ಚಹದಂಗಡಿಯ ಮುಂದೆ ಕೂತು, ಅವರನ್ನೇ ಅಣಕಿಸಿ ನಾಲ್ಕು ಜನರನ್ನು ನಗಿಸುತ್ತಿದ್ದೆ.